ಕೀಬೋರ್ಡಿಗೆ ಏಳು ಎಣಿಸಲು ಕಲಿಸಿದ್ದು



ಈ ವಾರ ನಿಮಗೆ ಒಂದು ಲೆಕ್ಕ ಇದೆ, ಒಂದು ಹಾಡೂ ಇದೆ. ಎರಡೂ ನಮ್ಮ ಮನೆಯ ಕೀಬೋರ್ಡಿನೊಳಗೆ ಸಿಕ್ಕಿಹಾಕಿಕೊಂಡಿದ್ದವು. ಬಿಡಿಸಲು ನನಗೂ ಏಳನೇ ತರಗತಿಯಲ್ಲಿ ಓದುವ ಮೊಮ್ಮಗಳು ಪುಟ್ಟಿಗೂ ಹೆಚ್ಚುಕಡಿಮೆ ಒಂದು ಮಳೆಗಾಲ ಹಿಡಿಯಿತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ 36 ವರ್ಷ ಲೆಕ್ಕ ಬರೆದವನು. ಸಂಜೆ ಲೆಕ್ಕ ತಾಳೆ ಬೀಳದಿದ್ದರೆ ಮನೆಗೆ ಹೊರಡುವಂತಿರಲಿಲ್ಲ. ಆದರೆ ಈ ಒಂದು ಲೆಕ್ಕ ಮಾತ್ರ ಎರಡು ವರ್ಷ ತಾಳೆಯಾಗದೆ ಹಾಗೇ ಉಳಿದಿತ್ತು.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ.

ನನಗೊಬ್ಬಳು ಅಕ್ಕ ಇದ್ದಾಳೆ. ತೀರ್ಥಹಳ್ಳಿ ಕಡೆ ಅವಳ ಮನೆ. ನಮ್ಮ ಅಮ್ಮ ಆರತಿ ಎತ್ತುವಾಗ ಹೇಳುತ್ತಿದ್ದ ಒಂದು ಹಾಡು ಅವಳಿಗೆ ಪೂರ್ತಿ ಬರುತ್ತದೆ. ಅದು ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಮ್ಮನಿಗೆ ಅವಳ ಅಮ್ಮ ಹೇಳಿಕೊಟ್ಟದ್ದಂತೆ. ನಮ್ಮ ಕಡೆಯ ಮದುವೆ, ಮುಂಜಿ, ಸೀಮಂತ ಯಾವುದಿದ್ದರೂ ಹಸೆಯ ಮುಂದೆ ಅಕ್ಕ ಆ ಹಾಡು ಹೇಳದೆ ಆರತಿ ಆಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಶಿವಮೊಗ್ಗದಲ್ಲಿ ನೆಂಟರೊಬ್ಬರ ಮನೆಯ ಸೀಮಂತ. ನಿವೃತ್ತಿಯಾದ ಮೇಲೆ ನಾನು ಕೀಬೋರ್ಡ್ ಕಲಿತಿದ್ದೆ. ಹತ್ತು ಜನರ ಮುಂದೆ ನುಡಿಸುವ ಚಪಲ. ಅಕ್ಕ ಹಾಡಲು ನಿಂತಾಗ, “ತಡಿ ಅಕ್ಕಾ, ಹಿನ್ನೆಲೆ ಕೊಡ್ತೀನಿ” ಎಂದು ಯಂತ್ರದಲ್ಲಿದ್ದ ಒಂದು ತಾಳ ಆರಿಸಿ ಗುಂಡಿ ಒತ್ತಿಬಿಟ್ಟೆ. ಡ್ರಮ್ಮು, ಗಿಟಾರು, ಪಿಟೀಲು ಎಲ್ಲ ಒಟ್ಟಿಗೆ ಹೊರಟವು. ಅಕ್ಕ ಒಂದು ಸಾಲು ಹಾಡುವಷ್ಟರಲ್ಲಿ ಯಂತ್ರ ಒಂದು ದಾರಿ, ಅವಳು ಒಂದು ದಾರಿ. ಅವಳು ಅದನ್ನು ಹಿಡಿಯಲು ಅವಸರ ಮಾಡಿದಳು. ಅವಸರದಲ್ಲಿ ಮಾತು ಮರೆತಳು. ನಾನು ನಿಲ್ಲಿಸುವ ಗುಂಡಿಗೆ ತಡಕಾಡಿದೆ. ಹಾಡು ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅಕ್ಕ ಸೆರಗು ಹೊದ್ದುಕೊಂಡು ಮೂಲೆಯಲ್ಲಿ ಕುಳಿತಳು.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಒಂದೇ ಮಾತು ಹೇಳಿದಳು: “ನಿನ್ನ ಮೆಷಿನ್ನಿಗೆ ನಾನು ಬೇಡ ಮಾರಾಯ. ಅದು ಒಂದೇ ಸಾಕು.” ಅದಾದ ಮೇಲೆ ಅವಳು ಯಾವ ಸಮಾರಂಭದಲ್ಲೂ ಹಾಡಲಿಲ್ಲ. ಕೇಳಿದರೆ, ಈಚೆಗೆ ಮರೆವು, ಗಂಟಲು ಸರಿ ಇಲ್ಲ ಎನ್ನುತ್ತಿದ್ದಳು. ಮರೆವು ಇದ್ದದ್ದು ನಿಜ. ಆದರೆ ಅವಳ ಬಾಯಿ ಮುಚ್ಚಿಸಿದ್ದು ಮರೆವಲ್ಲ, ನಾನು.

ಈ ವರ್ಷ ಕಾರ್ತಿಕದಲ್ಲಿ ಅಕ್ಕನಿಗೆ ಸಹಸ್ರ ಚಂದ್ರ ದರ್ಶನದ ಶಾಂತಿ ಮಾಡುವುದೆಂದು ಅವಳ ಮಕ್ಕಳು ನಿಶ್ಚಯಿಸಿದರು. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಸಾವಿರದಿಂದ ಗುಣಿಸಿ ವರ್ಷ ಮಾಡಿ ನೋಡಿ ಮಕ್ಕಳೇ, 80 ವರ್ಷ 10 ತಿಂಗಳ ಹತ್ತಿರ ಬರುತ್ತದೆ. ಸುದ್ದಿ ಕೇಳಿದ ಪುಟ್ಟಿ, “ಅವತ್ತು ದೊಡ್ಡಜ್ಜಿ ಹಾಡಬೇಕು. ನಾನು ನುಡಿಸ್ತೀನಿ” ಎಂದಳು. ನನಗೆ ಎದೆ ಧಸಕ್ಕೆಂದಿತು. ಬೇಡ ಅನ್ನಲು ಬಾಯಿ ಬರಲಿಲ್ಲ. ಅವಳಿಗೆ ಸೀಮಂತದ ಕಥೆ ಪೂರ್ತಿ ಹೇಳಿದೆ. ಅವಳು ಕೇಳಿ, “ಅಜ್ಜ, ಆ ತಾಳ ದೊಡ್ಡಜ್ಜಿ ಹಾಡಿಗೆ ಮಾಡಿದ್ದೇ ಅಲ್ಲವಲ್ಲ. ನಾವೇ ಒಂದು ಮಾಡೋಣ” ಎಂದಳು.

ನಾವೇ ಮಾಡುವುದೆಂದರೇನು ಎಂದು ತಿಳಿಯಬೇಕಾದರೆ ಈ ಯಂತ್ರದ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು.

ಹಾರ್ಮೋನಿಯಮ್ಮಿನ ಹಾಗೆ ಬರೀ ಸ್ವರ ನುಡಿಸುವ ಕೀಬೋರ್ಡ್‌ಗಳಿವೆ. ಅರೇಂಜರ್ ಕೀಬೋರ್ಡ್ ಎಂಬುದು ಅದಕ್ಕಿಂತ ಬೇರೆ. ಬಲಗೈಯಲ್ಲಿ ನೀವು ಹಾಡಿನ ಧಾಟಿ ನುಡಿಸುತ್ತೀರಿ. ಎಡಗೈಯಲ್ಲಿ ಎರಡು ಮೂರು ಕೀಗಳನ್ನು ಒಟ್ಟಿಗೆ ಒತ್ತುತ್ತೀರಿ. ಇದಕ್ಕೆ ಕಾರ್ಡ್ ಎಂದು ಹೆಸರು. ಯಂತ್ರ ಆ ಕಾರ್ಡನ್ನು ಗುರುತಿಸಿ, ಅದಕ್ಕೆ ಹೊಂದುವಂತೆ ಡ್ರಮ್ಮು, ಬೇಸು, ಗಿಟಾರು, ಪಿಟೀಲುಗಳ ಒಂದು ಇಡೀ ಮೇಳವನ್ನೇ ತಾನಾಗಿ ನುಡಿಸುತ್ತದೆ. ಹೀಗೆ ಮೊದಲೇ ಸಿದ್ಧವಾಗಿರುವ ಮೇಳಕ್ಕೆ ‘ಸ್ಟೈಲ್’ ಎನ್ನುತ್ತಾರೆ. ಯಮಹಾ, ಕೋರ್ಗ್, ರೋಲ್ಯಾಂಡ್, ಕ್ಯಾಸಿಯೊ ಕಂಪನಿಗಳ ಇಂಥ ಕೀಬೋರ್ಡ್‌ಗಳಲ್ಲಿ ನೂರಾರು ಸ್ಟೈಲ್‌ಗಳು ತುಂಬಿರುತ್ತವೆ. ವಾಲ್ಟ್ಜ್, ರಾಕ್, ಡಿಸ್ಕೊ, ಭಜನೆ, ಭಾಂಗ್ಡಾ ಎಲ್ಲ ಉಂಟು. ನಮ್ಮ ಅಮ್ಮನ ಆರತಿ ಹಾಡು ಮಾತ್ರ ಇಲ್ಲ. ಇರಲು ಸಾಧ್ಯವೂ ಇಲ್ಲ.

ಸ್ಟೈಲ್‌ನೊಳಗೆ ಧ್ವನಿಯನ್ನೇ ಮುದ್ರಿಸಿ ಇಟ್ಟಿದ್ದಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಹೆಚ್ಚಿನ ಸ್ಟೈಲ್‌ಗಳಲ್ಲಿ ಹಾಗಲ್ಲ. ಅದರಲ್ಲಿರುವುದು ಸೂಚನೆ: ಯಾವ ಕೀ, ಯಾವ ಕ್ಷಣದಲ್ಲಿ, ಎಷ್ಟು ಹೊತ್ತು, ಎಷ್ಟು ಜೋರಾಗಿ. ಜೋರಿಗೆ 1ರಿಂದ 127ರವರೆಗೆ ಅಂಕ. ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಯಿತು. ಚೆಕ್ ಹಣವಲ್ಲ, ಇಂಥವರಿಗೆ ಇಷ್ಟು ಕೊಡಿ ಎಂಬ ಚೀಟಿ. ಕೌಂಟರಿಗೆ ಹೋದ ಮೇಲೆ ಹಣ. ಹಾಗೆಯೇ ಸ್ಟೈಲ್ ಒಂದು ಚೀಟಿ, ಕೀಬೋರ್ಡೇ ಕೌಂಟರ್. ಈ ಚೀಟಿ ಬರೆಯುವ ಪದ್ಧತಿಗೆ ಮಿಡಿ ಎಂದು ಹೆಸರು. 1983ರಿಂದ ಬಳಕೆಯಲ್ಲಿದೆ. ಚೀಟಿ ಆದ್ದರಿಂದಲೇ ನಾವೂ ಬರೆಯಬಹುದು, ತಿದ್ದಬಹುದು.

ನಮ್ಮ ಕೀಬೋರ್ಡಿನಲ್ಲಿ ಅದಕ್ಕೆ ‘ಸ್ಟೈಲ್ ಕ್ರಿಯೇಟರ್’ ಎಂಬ ಪುಟವಿದೆ. ಚಿಕ್ಕ, ಅಗ್ಗದ ಕೀಬೋರ್ಡ್‌ಗಳಲ್ಲಿ ಇದು ಇರುವುದು ಕಡಿಮೆ. ಕೊಳ್ಳುವಾಗಲೇ ವಿಚಾರಿಸಿಕೊಳ್ಳಿ. ಆ ಪುಟ ತೆರೆದರೆ ಎಂಟು ಕೋಣೆಗಳ ಒಂದು ವಠಾರ ಕಾಣುತ್ತದೆ. ಎರಡು ಕೋಣೆ ತಾಳವಾದ್ಯಕ್ಕೆ, ಒಂದು ಬೇಸಿಗೆ, ಎರಡು ಕಾರ್ಡಿಗೆ, ಒಂದು ಎಳೆದು ನಿಲ್ಲುವ ಸ್ವರಕ್ಕೆ, ಎರಡು ಚಿಕ್ಕಚಿಕ್ಕ ಅಲಂಕಾರದ ತುಣುಕುಗಳಿಗೆ. ಪ್ರತಿ ಕೋಣೆಯಲ್ಲೂ ಒಂದೊಂದು ವಾದ್ಯ ಕೂರಿಸಿ, ಅದರ ಭಾಗ ನುಡಿಸಿ ತುಂಬಿಸಬೇಕು. ಇದು ನಡುಭಾಗ, ಅಂದರೆ ಮೇನ್. ಇದಲ್ಲದೆ ಶುರುವಿಗೆ ಇಂಟ್ರೊ, ಮುಗಿಸಲು ಎಂಡಿಂಗ್, ನಡುವೆ ಒಂದು ಸಣ್ಣ ಉರುಳಿಕೆಗೆ ಫಿಲ್ ಎಂದು ಬೇರೆ ಬೇರೆ ಭಾಗಗಳಿವೆ.

ಮೊದಲ ಪ್ರಶ್ನೆ: ಅಕ್ಕನ ಹಾಡು ಎಷ್ಟರ ತಾಳದ್ದು?

ನಾವು ತೀರ್ಥಹಳ್ಳಿಗೆ ಹೋದ ದಿನ ಅಕ್ಕ ಜಗಲಿಯಲ್ಲಿ ಕುಳಿತು ಹೂಬತ್ತಿ ಮಾಡುತ್ತಿದ್ದಳು. ಹೊರಗೆ ಧಾರಾಕಾರ ಮಳೆ. ನಾನು ಬಾಯಿ ಬಿಡಲಿಲ್ಲ. ಪುಟ್ಟಿಯೇ ಪಕ್ಕದಲ್ಲಿ ಕುಳಿತು ತಾನೂ ಹತ್ತಿ ಹಿಂಜುತ್ತಾ, “ದೊಡ್ಡಜ್ಜಿ, ಆ ಹಾಡು ನನಗೆ ಹೇಳಿಕೊಡು” ಎಂದಳು. ಮಗು ಕೇಳಿದರೆ ಅಕ್ಕ ಇಲ್ಲವೆನ್ನಳು. ಕೈ ಬತ್ತಿಯ ಮೇಲೇ ಇತ್ತು, ಹಾಡು ತಾನಾಗಿ ಬಂತು. ಪುಟ್ಟಿ ತೊಡೆಯ ಮೇಲೆ ಬೆರಳು ತಟ್ಟುತ್ತಾ ಎಣಿಸಿ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: “ಅಜ್ಜ, ತಕಿಟ ತಕದಿಮಿ! ಮಿಶ್ರ ಛಾಪು!”

ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿಗೆ ಇದು ಗೊತ್ತು. ತಕಿಟ ಮೂರು, ತಕದಿಮಿ ನಾಲ್ಕು, ಸೇರಿ ಏಳು. ಒಂದು, ನಾಲ್ಕು, ಆರನೇ ಎಣಿಕೆಗೆ ಚಪ್ಪಾಳೆ ತಟ್ಟಿ ನೋಡಿ, ಅದರ ನಡಿಗೆ ಗೊತ್ತಾಗುತ್ತದೆ. ಎಷ್ಟೋ ದೇವರನಾಮಗಳನ್ನು ಈ ತಾಳದಲ್ಲಿ ಹಾಡುತ್ತಾರೆ. ಸೀಮಂತದ ದಿನ ನಾನು ಹಾಕಿದ್ದು ನಾಲ್ಕರ ತಾಳ. ಏಳು ಹೆಜ್ಜೆಯ ಹಾಡಿನ ಕಾಲನ್ನು ನಾಲ್ಕು ಹೆಜ್ಜೆಯ ಯಂತ್ರಕ್ಕೆ ಕಟ್ಟಿ ಓಡಿಸಿದ್ದೆ. ಅಕ್ಕ ತಪ್ಪಿರಲೇ ಇಲ್ಲ.

ಆಮೇಲೆ ವೇಗ. ಅಕ್ಕ ಒಂದು ಸಾಲಿಗೆ ನಾಲ್ಕು ಆವರ್ತ ಹಾಡುತ್ತಾಳೆ, ಬಳಿಕ ಉಸಿರು ತೆಗೆದುಕೊಳ್ಳುತ್ತಾಳೆ. ಪುಟ್ಟಿ ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಾ, ಅಕ್ಕ ಉಸಿರಿಗೆ ನಿಂತಾಗಲೆಲ್ಲ ಅದನ್ನೂ ನಿಲ್ಲಿಸುತ್ತಿದ್ದಳು. ಐದು ಸಾಲು, ಅಂದರೆ 20 ಆವರ್ತ, 140 ಎಣಿಕೆ. ಹಿಡಿದದ್ದು 84 ಸೆಕೆಂಡು. ಹಾಗಾದರೆ 60 ಸೆಕೆಂಡಿಗೆ ಎಷ್ಟು? ಸರಿಯಾಗಿ 100. ಕೀಬೋರ್ಡಿನಲ್ಲಿ ಟೆಂಪೊ 100 ಎಂದು ಇಡಬೇಕು. ಪುಟ್ಟಿ ಉಸಿರಿಗೆ ಗಡಿಯಾರ ನಿಲ್ಲಿಸುತ್ತಿದ್ದುದು ಮುಂದೆ ನಮ್ಮನ್ನು ಕಾಪಾಡುತ್ತದೆಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಮನೆಗೆ ಬಂದು ಸ್ಟೈಲ್ ಕ್ರಿಯೇಟರ್ ತೆರೆದರೆ ಮೊದಲ ಗೋಡೆ ಅಡ್ಡ ಬಂತು. ನಮ್ಮ ಕೀಬೋರ್ಡಿನ ತಾಳದ ಪಟ್ಟಿಯಲ್ಲಿ 2, 3, 4, 5 ಇದ್ದವು. ಏಳು ಇರಲಿಲ್ಲ. ನಾನು ತಲೆ ಕೆರೆದುಕೊಂಡು ಕುಳಿತೆ. ಪುಟ್ಟಿ ಗಣಿತದ ನೋಟ್‌ಬುಕ್ ತಂದಳು. “ಅಜ್ಜ, ನಾಲ್ಕು ಮತ್ತು ಏಳರ ಲಸಾಅ ಎಷ್ಟು?”

“ಇಪ್ಪತ್ತೆಂಟು.”

“ಹಾಗಾದರೆ ನಾಲ್ಕರ ಬಾರ್ ಏಳು ಹಾಕಿದರೆ 28. ಏಳರ ಆವರ್ತ ನಾಲ್ಕು ಆದರೂ 28. ಎರಡೂ ಒಟ್ಟಿಗೆ ಮುಗಿಯುತ್ತವೆ!”

ಬಾರ್ ಎಂದರೆ ಯಂತ್ರ ಎಣಿಸುವ ಒಂದು ಕಂತು. ನಾಲ್ಕು ನಾಲ್ಕಾಗಿ ಏಳು ಕಂತು ಯಂತ್ರ ಎಣಿಸಿಕೊಳ್ಳಲಿ. ನಾವು ಅದರೊಳಗೆ ಏಳು ಏಳಾಗಿ ನಾಲ್ಕು ಸಲ ನುಡಿಸುತ್ತೇವೆ. 28 ಆದ ಮೇಲೆ ಯಂತ್ರ ತಿರುಗಿ ಮೊದಲಿಗೆ ಬರುವ ಹೊತ್ತಿಗೆ ನಾವೂ ತಕಿಟದ ‘ತ’ಕ್ಕೆ ಬಂದಿರುತ್ತೇವೆ. ಯಂತ್ರಕ್ಕೆ ಅದು ನಾಲ್ಕು, ಕಿವಿಗೆ ಏಳು. ಅದೂ ಅಲ್ಲದೆ 28 ಅಂದರೆ ಸರಿಯಾಗಿ ಅಕ್ಕನ ಒಂದು ಸಾಲು. 1970ರ ದಶಕದಲ್ಲಿ ಬಿಕಾಂ ಮುಗಿಸಿದ ನಾನು ಲಸಾಅಕ್ಕೆ ಇಂಥ ಉಪಯೋಗ ಇದೆಯೆಂದು ತಿಳಿದದ್ದು ಈಗ. ನಿಮ್ಮ ಕೀಬೋರ್ಡಿನ ಪಟ್ಟಿಯಲ್ಲಿ ಏಳು ಇದ್ದರೆ ಅದನ್ನೇ ಆರಿಸಿಕೊಳ್ಳಿ, ಈ ಸರ್ಕಸ್ ಬೇಡ.

ಇನ್ನು ಕೋಣೆ ತುಂಬಿಸುವ ಕೆಲಸ. ಮೃದಂಗದಂಥ ಪೆಟ್ಟುಗಳನ್ನು ತಾಳದ ಕೋಣೆಯಲ್ಲಿ ಪುಟ್ಟಿ ಎರಡು ಬೆರಳಲ್ಲಿ ನುಡಿಸಿದಳು. ಬೇಸು ಹಾಕಿದಳು. ವೀಣೆಯಂತೆ ಮೀಟುವ ದನಿ, ಕೊಳಲು, ಪಿಟೀಲು, ಗಂಟೆ... ಎಂಟು ಕೋಣೆಯೂ ಭರ್ತಿ. ಇಲ್ಲಿ ಒಂದು ನಿಯಮ ಕಲಿತೆವು. ನಮ್ಮ ಯಂತ್ರದಲ್ಲಿ ತುಂಬಿಸುವಾಗ ಸಿ ಮೇಜರ್ ಸೆವೆನ್ತ್ ಎಂಬ ಕಾರ್ಡನ್ನು ಆಧಾರವಾಗಿಟ್ಟು ನುಡಿಸಬೇಕು. ಮುಂದೆ ನೀವು ಬೇರೆ ಕಾರ್ಡ್ ಹಿಡಿದಾಗ ಯಂತ್ರ ಸ್ವರಗಳನ್ನು ತಾನೇ ಸರಿಸಿಕೊಳ್ಳುತ್ತದೆ. ಸಿ ಎಂಬುದನ್ನು ಸ ಎಂದುಕೊಂಡರೆ ಆ ಕಾರ್ಡಿನ ಸ್ವರಗಳು ಸ, ಗ, ಪ, ನಿ. ಜೊತೆಗೆ ರಿ, ದ ಬಳಸಿದರೂ ತೊಂದರೆಯಿಲ್ಲ. ಮ ಸೇರಿಸಿದರೆ ಕಾರ್ಡ್ ಬದಲಾದಾಗ ಎಲ್ಲಾದರೂ ಅಪಸ್ವರ ಎದ್ದೇಳುತ್ತದೆ. ತಾಳದ ಕೋಣೆಗೆ ಈ ನಿಯಮ ಇಲ್ಲ. ಕಾರ್ಡ್ ಬದಲಾದರೂ ಮೃದಂಗ ಮೃದಂಗವೇ.

ತಂಬೂರಿಯಲ್ಲಿ ನಾವು ಎಡವಿದೆವು. ಎಳೆದು ನಿಲ್ಲುವ ಸ್ವರದ ಕೋಣೆಯಲ್ಲಿ ಸ-ಪ ಎಂದು ತಂಬೂರಿ ಕೂರಿಸಿದ್ದೆವು. ಪುಟ್ಟಿ ಎಡಗೈಯ ಕಾರ್ಡ್ ಬದಲಿಸಿದ ಕೂಡಲೇ ತಂಬೂರಿಯೂ ಅವಳ ಹಿಂದೆಯೇ ಜಾಗ ಬದಲಿಸಿತು! ಶ್ರುತಿಯೇ ಓಡಾಡಿದರೆ ಹಾಡುವವರು ಎಲ್ಲಿ ನಿಲ್ಲಬೇಕು? ಹುಡುಕಿ ನೋಡಿದರೆ ಪ್ರತಿ ಕೋಣೆಗೂ ಕಾರ್ಡನ್ನು ಎಷ್ಟು ಪಾಲಿಸಬೇಕು ಎಂಬ ಒಂದು ಆಜ್ಞೆ ಇರುತ್ತದೆ. ‘ರೂಟ್ ಫಿಕ್ಸ್ಡ್’, ‘ಬೈಪಾಸ್’ ಎಂಬ ಎರಡನ್ನು ಆರಿಸಿದ ಮೇಲೆ ತಂಬೂರಿ ಕುಳಿತಲ್ಲೇ ಕುಳಿತಿತು. ಅಕ್ಕನ ಶ್ರುತಿ ಬಿಳಿ ಮೂರು. ಯಂತ್ರದ ಸಿ ಎಂದರೆ ಬಿಳಿ ಒಂದು. ನಡುವೆ ನಾಲ್ಕು ಮೆಟ್ಟಿಲು. ಟ್ರಾನ್ಸ್‌ಪೋಸ್ ಗುಂಡಿಯನ್ನು ನಾಲ್ಕು ಸಲ ಒತ್ತಿದರೆ ಇಡೀ ವಠಾರವೇ ಅವಳ ಶ್ರುತಿಗೆ ಏರಿತು.

ಹೀಗೆ ಎರಡು ಸಂಜೆ ಕುಳಿತು ಎಲ್ಲ ಮುಗಿಸಿದೆವು. ಅಷ್ಟರಲ್ಲಿ ಗುಡುಗು ಸಿಡಿಲು, ಕರೆಂಟ್ ಹೋಯಿತು. ತಿರುಗಿ ಬಂದಾಗ ಎಂಟು ಕೋಣೆಯೂ ಖಾಲಿ. ನಾವು ಸೇವ್ ಮಾಡಿರಲಿಲ್ಲ. ಪುಟ್ಟಿಯ ಕಣ್ಣಲ್ಲಿ ನೀರು. ನನಗೆ ನಾಚಿಕೆ. ಮೂವತ್ತಾರು ವರ್ಷ ಒಂದು ದಿನವೂ ಲೆಕ್ಕ ಮುಗಿಸದೆ ಎದ್ದವನಲ್ಲ, ಇಲ್ಲಿ ಮಗುವಿನ ಎರಡು ದಿನದ ಕೆಲಸ ಕಳೆದಿದ್ದೆ. ಮಕ್ಕಳೇ, ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಒಂದೊಂದು ಕೋಣೆ ತುಂಬಿದ ಕೂಡಲೇ ಹೆಸರು ಕೊಟ್ಟು ಸೇವ್ ಮಾಡಿ, ಪೆನ್ ಡ್ರೈವಿನಲ್ಲೂ ಒಂದು ಪ್ರತಿ ಇಡಿ.

ಎರಡನೇ ಸಲ ನುಡಿಸುವಾಗ ಅವಸರ ಮಾಡಿದ್ದರಿಂದ ಪುಟ್ಟಿಯ ಕೆಲವು ಪೆಟ್ಟುಗಳು ಹಿಂದೆ ಮುಂದೆ ಆಗಿದ್ದವು. ಅದನ್ನು ಸರಿಪಡಿಸಲು ‘ಕ್ವಾಂಟೈಜ್’ ಎಂಬ ಸೌಕರ್ಯವಿದೆ. ಒತ್ತಿದರೆ ಸರಿದ ಪೆಟ್ಟುಗಳನ್ನೆಲ್ಲ ಎಳೆದು ಗೆರೆಯ ಮೇಲೆ ನಿಲ್ಲಿಸುತ್ತದೆ. ಒತ್ತಿದೆವು, ಎಲ್ಲ ಸರಿಯಾಯಿತು ಎಂದುಕೊಂಡೆವು.

ಶ್ರಾವಣದಲ್ಲಿ ಅಕ್ಕ ಶಿವಮೊಗ್ಗಕ್ಕೆ ಬಂದಾಗ ಕೇಳಿಸಿದೆವು. ಅವಳು ತಲೆಯಾಡಿಸಿ ಕೇಳಿ, “ಏಳು ಎಣಿಸ್ತದೆ, ಭೇಷ್. ಆದರೆ ಗೋಡೆ ಗಡಿಯಾರದ ಹಾಗೆ ಎಣಿಸ್ತದೆ” ಎಂದಳು. ಪುಟ್ಟಿಯ ಕೈಯ ಮೊದಲ ‘ತ’ಕ್ಕೆ ಸ್ವಲ್ಪ ತೂಕ, ಕೊನೆಯ ‘ಮಿ’ಗೆ ಸ್ವಲ್ಪ ಹಗುರ ಬೇಕಿತ್ತು. ನಾವು ಎಲ್ಲವನ್ನೂ ಒಂದೇ ಜೋರಿನಲ್ಲಿ ಬಡಿದಿದ್ದೆವು, ಮೇಲಿಂದ ಗೆರೆಗೂ ಹೊಂದಿಸಿದ್ದೆವು. ತಾಳದ ಕೋಣೆಯನ್ನು ಪುಟ್ಟಿ ಮೂರನೇ ಸಲ, ಈ ಬಾರಿ ಅಕ್ಕನ ಮುಖ ನೋಡುತ್ತಾ ನುಡಿಸಿದಳು. ಕ್ವಾಂಟೈಜ್ ಒತ್ತಲಿಲ್ಲ.

ಆಮೇಲೆ ಅಕ್ಕ ಹಾಡಲು ಶುರು ಮಾಡಿದಳು. ಮೊದಲ ಸಾಲು ಸರಿಹೋಯಿತು. ನನಗೆ ಸಂತೋಷವೋ ಸಂತೋಷ. ಸಾಲು ಮುಗಿದು ಅಕ್ಕ ಉಸಿರು ತೆಗೆದುಕೊಂಡಳು. ಯಂತ್ರಕ್ಕೆ ಉಸಿರಿಲ್ಲವಲ್ಲ, ಅದು ಹೊರಟೇಹೋಯಿತು. ಅಕ್ಕ ಮೂರನೇ ಎಣಿಕೆಗೋ ನಾಲ್ಕನೆಯದಕ್ಕೋ ಬಂದು ಸೇರಿದಳು. ಸಾಲದ್ದಕ್ಕೆ ಪುಟ್ಟಿ ಉತ್ಸಾಹದಲ್ಲಿ ಫಿಲ್ ಗುಂಡಿ ಒತ್ತಿದಳು. ಫಿಲ್ ಎಂದರೆ ನಾಲ್ಕರ ಒಂದು ಬಾರ್. ಅದು ಏಳರ ನಡುವೆ ಬಂದು ಬಿದ್ದು, ಮುಗಿದ ಕೂಡಲೇ ಮೇನ್ ಮೊದಲಿನಿಂದ ಶುರುವಾಯಿತು. ಲೆಕ್ಕ ಪೂರ್ತಿ ಕೆಟ್ಟಿತು. ಅಕ್ಕ ಹಾಡು ನಿಲ್ಲಿಸಿ ಎದ್ದು ಅಡುಗೆಮನೆಗೆ ಹೋದಳು. ಸೀಮಂತದ ದಿನದ ಅದೇ ಬೆನ್ನು.

ಅವತ್ತು ರಾತ್ರಿ ನಾನು ಪುಟ್ಟಿಗೆ ಹೇಳಿದೆ: “ಬಿಡು ಮಗಾ. ದೊಡ್ಡಜ್ಜಿಗೆ ವಯಸ್ಸಾಯಿತು. ತಾಳ ಹಿಡಿಯಲು ಆಗುವುದಿಲ್ಲ.”

ಪುಟ್ಟಿ ಒಪ್ಪಲಿಲ್ಲ. “ಅಜ್ಜ, ದೊಡ್ಡಜ್ಜಿ ಸಾಲಿನೊಳಗೆ ಒಂದು ಸಲವೂ ತಪ್ಪಲ್ಲ. ನಾನು ಎಣಿಸಿದೀನಿ. ಸಾಲು ಮುಗಿದ ಮೇಲೆ ಮಾತ್ರ ನಿಲ್ಲುತ್ತಾಳೆ. ಒಂದು ಸಲ ಸ್ವಲ್ಪ, ಇನ್ನೊಂದು ಸಲ ಜಾಸ್ತಿ. ಅಲ್ಲಿ ನಾನು ಗಡಿಯಾರ ನಿಲ್ಲಿಸ್ತಿದ್ನಲ್ಲ, ಹಾಗೆ ಇದನ್ನೂ ನಿಲ್ಲಿಸಕ್ಕಾಗಲ್ವಾ?”

ನಾನು ಎದ್ದು ದೀಪ ಹಾಕಿ ಯಂತ್ರದ ಕೈಪಿಡಿ ತೆಗೆದೆ. ಅದರಲ್ಲಿ ‘ಸಿಂಕ್ ಸ್ಟಾಪ್’ ಎಂಬ ಗುಂಡಿಯ ವಿವರವಿತ್ತು. ಕೀಬೋರ್ಡ್ ಕೊಂಡ ದಿನದಿಂದ ನಾನು ಅದನ್ನು ಮುಟ್ಟಿದ್ದೇ ಇಲ್ಲ. ಅದನ್ನು ಒತ್ತಿಟ್ಟರೆ ಎಡಗೈ ಕೀಗಳ ಮೇಲೆ ಇರುವಷ್ಟು ಹೊತ್ತು ಮಾತ್ರ ಸ್ಟೈಲ್ ನಡೆಯುತ್ತದೆ. ಕೈ ಎತ್ತಿದರೆ ನಿಲ್ಲುತ್ತದೆ. ಮತ್ತೆ ಒತ್ತಿದರೆ ಮೊದಲ ಎಣಿಕೆಯಿಂದ ಶುರು. ಅಕ್ಕನ ಸಾಲು 28, ನಮ್ಮ ಮೇನ್ 28. ಸಾಲು ಮುಗಿದಾಗ ಕೈ ಎತ್ತು. ಅವಳು ಶುರು ಮಾಡಿದಾಗ ಒತ್ತು. ಇಷ್ಟೇ. ಅಕ್ಕ ಯಂತ್ರಕ್ಕೆ ಕಾಯಬೇಕಾಗಿಲ್ಲ, ಯಂತ್ರವೇ ಅವಳಿಗೆ ಕಾಯುತ್ತದೆ. ನಮ್ಮ ಮೃದಂಗ, ಪಿಟೀಲಿನವರು ಎಂದಿನಿಂದಲೂ ಮಾಡುವುದು ಅದನ್ನೇ. ಅದಕ್ಕೇ ಅಲ್ಲವೇ ಪಕ್ಕವಾದ್ಯ ಎಂದು ಹೆಸರು?

ಮಾರನೆಯ ದಿನ ಪ್ರಯೋಗಿಸಿದಾಗ ಇನ್ನೊಂದು ತೊಡಕು. ಕೈ ಎತ್ತಿದರೆ ಎಂಟು ಕೋಣೆಯೂ ಒಟ್ಟಿಗೆ ಮೌನ, ತಂಬೂರಿಯೂ ಸೇರಿ. ಆಸರೆಯೇ ಇಲ್ಲದೆ ಅಕ್ಕ ಮುಂದಿನ ಸಾಲನ್ನು ಯಾವ ಶ್ರುತಿಯಲ್ಲಿ ಎತ್ತಬೇಕು? ಅದಕ್ಕೆ ತಂಬೂರಿಯನ್ನು ಸ್ಟೈಲ್‌ನಿಂದಲೇ ತೆಗೆದೆವು. ಅಟ್ಟದ ಮೇಲಿದ್ದ ಹಳೆಯ ವಿದ್ಯುತ್ ಶ್ರುತಿಪೆಟ್ಟಿಗೆ ಇಳಿಸಿ ಬಿಳಿ ಮೂರಕ್ಕೆ ಇಟ್ಟು ಬೇರೆಯಾಗಿ ಮೊರೆಯಲು ಬಿಟ್ಟೆವು. ಕೀಬೋರ್ಡ್ ನಿಂತರೂ ಅದು ನಿಲ್ಲುವುದಿಲ್ಲ.

ಒಂದನ್ನು ತೆಗೆದ ಮೇಲೆ ಧೈರ್ಯ ಬಂತು. ಕೊಳಲು ತೆಗೆದೆವು, ಅಕ್ಕನ ದನಿಯ ಮೇಲೇ ಬಂದು ಕೂರುತ್ತಿತ್ತು. ಪಿಟೀಲು ತೆಗೆದೆವು. ನಮ್ಮ ಹಾಡುಗಳಿಗೆ ಮೊದಲಿನಿಂದಲೂ ಕಾರ್ಡ್ ಇಲ್ಲ, ರಾಗ ಇದೆ. ಕಾರ್ಡ್ ಬದಲಿಸುವುದನ್ನೂ ಬಿಟ್ಟು ಎಡಗೈಯಲ್ಲಿ ಸ, ಪ ಎರಡನ್ನೇ ಹಿಡಿದಳು ಪುಟ್ಟಿ. ಕೊನೆಗೆ ಎಂಟು ಕೋಣೆಗಳಲ್ಲಿ ಉಳಿದದ್ದು ಮೂರು: ಮೃದಂಗದ ಮೆಲ್ಲನೆಯ ಪೆಟ್ಟು, ಪ್ರತಿ ಆವರ್ತದ ಮೊದಲಿಗೆ ಬೇಸಿನ ಒಂದು ಸ್ವರ, ಸಾಲಿನ ಕೊನೆಗೆ ಒಂದು ಸಣ್ಣ ಗಂಟೆ. ಫಿಲ್ ಗುಂಡಿಯ ಮೇಲೆ ಪುಟ್ಟಿ ತನ್ನದೇ ಒಂದು ಬಿಂದಿ ಅಂಟಿಸಿದಳು, ಕೈ ಹೋಗದಿರಲಿ ಎಂದು. ಸ್ಟೈಲ್‌ಗೆ ಹೆಸರು ಕೊಟ್ಟು ಸೇವ್ ಮಾಡಬೇಕಲ್ಲ, ‘ದೊಡ್ಡಜ್ಜಿ’ ಎಂದು ಇಟ್ಟಳು.

ಅಕ್ಕನನ್ನು ಒಪ್ಪಿಸುವ ಕೆಲಸವನ್ನೂ ಅವಳೇ ಮಾಡಿದಳು. ಅಕ್ಕ ಹೇಳಿದ್ದಿಷ್ಟೇ: “ನಾನು ನಿಂತರೆ ನೀನೂ ನಿಲ್ಲಬೇಕು. ಆಗ್ತದಾ?” ಪುಟ್ಟಿ “ಆಗ್ತದೆ” ಎಂದಳು.

ಕಾರ್ತಿಕದ ಆ ದಿನ ಅಕ್ಕನ ಮನೆಯ ಅಂಗಳಕ್ಕೆ ಚಪ್ಪರ ಹಾಕಿದ್ದರು. ಹೋಮ ಮುಗಿಯಿತು. ಆರತಿ ತಟ್ಟೆ ಬಂತು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಅಕ್ಕನನ್ನು ಹಸೆಯ ಮೇಲೆ ಕೂರಿಸಿದರು. ತನಗೆ ಆರತಿ ಎತ್ತುವಾಗ ತಾನೇ ಹಾಡುವುದು ಹೇಗೆಂದು ಅಕ್ಕನಿಗೆ ಸಂಕೋಚ. “ಅಮ್ಮನ ಹಾಡಲ್ಲವಾ, ಅಮ್ಮನೇ ಹಾಡಿದ ಹಾಗೆ” ಎಂದೆ. ಶ್ರುತಿಪೆಟ್ಟಿಗೆ ಹಚ್ಚಿದೆ. ಪುಟ್ಟಿ ಎಡಗೈ ಎತ್ತಿ ಹಿಡಿದು ಅಕ್ಕನ ಬಾಯಿಯನ್ನೇ ನೋಡುತ್ತಾ ಕುಳಿತಳು.

ಮೊದಲ ನುಡಿ ಹೋಯಿತು. ಎರಡನೆಯದೂ ಹೋಯಿತು. ಸಾಲು ಮುಗಿದಾಗ ಗಂಟೆ, ಪುಟ್ಟಿಯ ಕೈ ಮೇಲೆ, ಅಕ್ಕನ ಉಸಿರು, ಮತ್ತೆ ‘ತ’ಕ್ಕೆ ಪೆಟ್ಟು. ಮೂರನೇ ನುಡಿಯ ಎರಡನೇ ಸಾಲು ಮುಗಿಸಿದ ಅಕ್ಕ ಮುಂದಿನ ಸಾಲು ಎತ್ತಲಿಲ್ಲ. ಮರೆತಿದ್ದಳು. ಕಣ್ಣು ನನ್ನ ಕಡೆ ಬಂತು. ನನಗೂ ಆ ಸಾಲು ಗೊತ್ತಿಲ್ಲ. ಚಪ್ಪರದಲ್ಲಿ ಅಷ್ಟು ಜನ. ನನ್ನ ಕೈ ನಡುಗತೊಡಗಿತು.

ಪುಟ್ಟಿಯ ಕೈ ಮಾತ್ರ ಗಾಳಿಯಲ್ಲೇ ಇತ್ತು. ಅವಳು ಗಾಬರಿ ಬೀಳಲಿಲ್ಲ, ಬಲಗೈಯಲ್ಲಿ ಏನನ್ನೂ ತುಂಬಿಸಲಿಲ್ಲ. ಶ್ರುತಿಪೆಟ್ಟಿಗೆ ಒಂದೇ ಮೊರೆಯುತ್ತಿತ್ತು. ಹಾಡಿನಲ್ಲಿ ಹಾಗೆ ನಿಲ್ಲುವುದೇ ಪದ್ಧತಿ ಎಂದುಕೊಂಡರೋ ಏನೋ, ಜನರೂ ಸುಮ್ಮನಿದ್ದರು. ಆರತಿ ಹಿಡಿದ ಸೊಸೆಯರೂ ನಿಂತರು. ಎಷ್ಟು ಹೊತ್ತು ಎಂದು ನಾನು ಎಣಿಸಲಿಲ್ಲ. ಅಕ್ಕ ಪುಟ್ಟಿಯ ಎತ್ತಿದ ಕೈ ನೋಡಿದಳು, ಕಣ್ಣು ಮುಚ್ಚಿದಳು, ತುಟಿ ಅಲ್ಲಾಡಿತು. ಆಮೇಲೆ ಸಾಲು ಬಂತು. ಅವಳ ಮೊದಲ ಅಕ್ಷರದ ಮೇಲೆಯೇ ಪುಟ್ಟಿಯ ಕೈ ಇಳಿಯಿತು.

ಐದು ನುಡಿಯೂ ಆಯಿತು.

ಊಟಕ್ಕೆ ಕುಳಿತಾಗ ಅಕ್ಕ ನನ್ನ ಎಲೆಗೆ ತಾನೇ ಹೋಳಿಗೆ ಬಡಿಸಿ ತುಪ್ಪ ಹಾಕಿದಳು. “ತಮ್ಮಾ, ನಿನ್ನ ಮೆಷಿನ್ನಿಗೆ ಈಗ ಸ್ವಲ್ಪ ಬುದ್ಧಿ ಬಂದದೆ” ಎಂದಳು. ಬುದ್ಧಿ ಯಾರಿಗೆ ಬಂದದ್ದು ಎಂದು ನನಗೆ ಗೊತ್ತಿತ್ತು. ಸುಮ್ಮನೆ ಹೋಳಿಗೆ ತಿಂದೆ. ಸಂಜೆ ಪುಟ್ಟಿ ನೋಟ್‌ಬುಕ್ ಹಿಡಿದು ಕುಳಿತು ಐದು ನುಡಿಯನ್ನೂ ಬರೆದುಕೊಂಡಳು. ಮೂರನೇ ನುಡಿಯ ಮೂರನೇ ಸಾಲಿನ ಕೆಳಗೆ ಗೆರೆ ಎಳೆದಿದ್ದಾಳೆ.

ಇನ್ನು ನಿಮ್ಮ ಸರದಿ. ಕೀಬೋರ್ಡ್ ಇಲ್ಲದಿದ್ದರೂ ಪರವಾಗಿಲ್ಲ, ಈ ವಾರದ ಕೆಲಸಕ್ಕೆ ಅದು ಬೇಡ. ನಿಮ್ಮ ಅಜ್ಜಿಯೋ ಅಜ್ಜನೋ ಹೇಳುವ ಒಂದು ಹಾಡು ಹಾಡಿಸಿ. ಬೆರಳಲ್ಲಿ ಎಣಿಸಿ, ಎಷ್ಟಕ್ಕೆ ತಿರುಗಿ ಮೊದಲಿಗೆ ಬರುತ್ತದೆ ನೋಡಿ. ಹತ್ತು ಆವರ್ತಕ್ಕೆ ಎಷ್ಟು ಸೆಕೆಂಡು ಎಂದು ಗಡಿಯಾರ ನೋಡಿ ಟೆಂಪೊ ಲೆಕ್ಕ ಹಾಕಿ. ಉಸಿರಿಗೆ ನಿಂತಾಗ ಗಡಿಯಾರ ನಿಲ್ಲಿಸುವುದನ್ನು ಮರೆಯಬೇಡಿ. ಹಾಡಿನ ಮಾತುಗಳನ್ನು ಬರೆದಿಟ್ಟುಕೊಳ್ಳಿ. ಜೊತೆಗೊಂದು ಲೆಕ್ಕ: ಖಂಡ ಛಾಪು ತಾಳದ ಎಣಿಕೆ ಐದು, ತಕ ತಕಿಟ. ನಿಮ್ಮ ಕೀಬೋರ್ಡಿಗೆ ನಾಲ್ಕು ಎಣಿಸಲು ಮಾತ್ರ ಬರುತ್ತದೆ ಎಂದುಕೊಳ್ಳಿ. ನಾಲ್ಕರ ಬಾರ್ ಎಷ್ಟು ಹಾಕಬೇಕು? ಅದರಲ್ಲಿ ಖಂಡ ಛಾಪಿನ ಎಷ್ಟು ಆವರ್ತ ಕೂರುತ್ತದೆ? ಉತ್ತರ ಮುಂದಿನ ವಾರ.

ಅಜ್ಜ-ಅಜ್ಜಿಯರಿಗೂ ಒಂದು ಮಾತು. ಮಕ್ಕಳು ಕೇಳಿದಾಗ, ಗಂಟಲು ಸರಿ ಇಲ್ಲ, ಮರೆತುಹೋಗಿದೆ ಎನ್ನಬೇಡಿ. ನೆನಪಿದ್ದಷ್ಟು ಹಾಡಿ. ನಡುವೆ ಮರೆತರೆ ನಿಲ್ಲಿ. ಪಕ್ಕದಲ್ಲಿ ಕುಳಿತ ಮಗು ಕಾಯುತ್ತದೆ.